ಹನ್ನೊಂದು ಚೌಕಳಿ ಅಂಗಿ, ಒಂದು ಹೊಲಿಯದ ತುಂಡು

ಚಳ್ಳಕೆರೆಗೆ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ, ಎದುರಿನ ರಸ್ತೆಯಲ್ಲಿ ಒಬ್ಬ ಮನುಷ್ಯ ಮೂರು ಚೌಕಳಿ ತೊಟ್ಟು ನಿಂತಿದ್ದ. ಲುಂಗಿ ನೀಲಿ ಚೌಕಳಿ, ಅಂಗಿ ಕೆಂಪು ಚೌಕಳಿ, ತಲೆಗೆ ಸುತ್ತಿದ ಟವೆಲ್ಲು ಹಸಿರು ಚೌಕಳಿ. ಅಂಗಿಯ ಕಿಸೆಯಂತೂ ಎದೆಯ ಗೆರೆಗೂ ತನಗೂ ಸಂಬಂಧವೇ ಇಲ್ಲ ಎಂಬಂತೆ ಓರೆಯಾಗಿ ಕೂತಿತ್ತು. ಹಿಂದಿನ ದಿನವಿಡೀ ಬಸ್ಸಿನಲ್ಲಿ ಕೂತು ತವರು ಬಿಟ್ಟು ಬಂದ ಹೊಸ ಸೊಸೆಗೆ ಅಳು ಬರಬೇಕಿತ್ತು. ನನಗೆ ಸಿಟ್ಟು ಬಂತು. ಇದನ್ನು ಹೊಲಿದವನ ಕೈ ಸೇದಿಹೋಗ ಎಂದು ಮನಸ್ಸಿನಲ್ಲೇ ಬೈದೆ. ಆಮೇಲೆ ಗೊತ್ತಾಯಿತು, ಆ ಮನುಷ್ಯನೇ ಆ ಬೀದಿಯ ಟೈಲರ್.

ನಾನು ಬಂಟ್ವಾಳದ ಟೈಲರನ ಮಗಳು. ಚೌಕಳಿ ಅಂಗಿಯ ವಿಷಯದಲ್ಲಿ ಅಪ್ಪನದು ಒಂದೇ ಮಾತು: ಕಿಸೆ ಎಲ್ಲಿದೆ ಎಂದು ಕಣ್ಣಿಗೆ ಗೊತ್ತಾಗಬಾರದು, ಕೈ ಹುಡುಕಬೇಕು. ಗುಂಡಿ ಪಟ್ಟಿಯಲ್ಲಿ, ಬಗಲಿನ ಹೊಲಿಗೆಯಲ್ಲಿ, ಕಿಸೆ ಕೂರುವ ಜಾಗದಲ್ಲಿ ಒಂದು ಗೆರೆಯೂ ತುಂಡಾಗಬಾರದು. ಹಾಗೆ ಹೊಂದಿಸಲು ಬಟ್ಟೆ ಜಾಸ್ತಿ ಬೇಕು. ಗಿರಾಕಿ ಗೊಣಗಿದರೆ ಅಪ್ಪ ಬಟ್ಟೆಯನ್ನೇ ಮಡಚಿ ವಾಪಸು ಕೊಡುತ್ತಿದ್ದರು.

ಗಂಡ ಯೂಸುಫ್‌ಗೆ ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಬೈಕ್ ರಿಪೇರಿ ಗ್ಯಾರೇಜು. ಅದರ ಹಿಂದೆಯೇ ಮನೆ. ಮನೆಯೊಳಗೆ ಉರ್ದು, ಬಾಗಿಲಾಚೆ ‘ಐತೆ’ ಕನ್ನಡ, ಮೊಳಕಾಲ್ಮುರು ಕಡೆ ಹೋದರೆ ತೆಲುಗು. ನನ್ನ ಬಾಯಲ್ಲಿ ಇದ್ದದ್ದು ಬ್ಯಾರಿ, ತುಳು, ಮತ್ತೆ ನಿಮ್ಮೆಲ್ಲರ ಹಾಗೆ ಪುಸ್ತಕದ ಕನ್ನಡ. ನೀರು ಉಂಟಾ ಎಂದು ಕೇಳಿದರೆ ಪಕ್ಕದ ಮನೆಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಮುದ್ದೆಯನ್ನು ಅಗಿದೆ, ಅದಕ್ಕೂ ನಕ್ಕರು. ನುಂಗಬೇಕು ಎಂದು ಮೊದಲೇ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಮಾರಾಯ್ರೇ? ಮೀನೆಂದರೆ ಐಸಿನಲ್ಲಿ ಹೂತು ಕಣ್ಣು ಬೆಳ್ಳಗಾದ ಬಂಗುಡೆ. ಕುಚ್ಚಲಕ್ಕಿ ಕೇಳಿದರೆ ಅಂಗಡಿಯವನು ಯಾರಿಗೆ ಹುಷಾರಿಲ್ಲ ಎಂದು ಕೇಳಿದ. ಆರು ವರ್ಷವಾದರೂ ಊರಿಗೆಲ್ಲ ನಾನು ‘ಮಂಗ್ಳೂರಕ್ಕ’. ಬಂಟ್ವಾಳ ಬೇರೆ, ಮಂಗಳೂರು ಬೇರೆ ಎಂದು ಹೇಳಿ ಹೇಳಿ ಸಾಕಾಗಿ ಬಿಟ್ಟುಬಿಟ್ಟೆ.

ತವರಿನಿಂದ ಹೊಲಿಗೆ ಮೆಷಿನು ತಂದಿದ್ದೆ. ಅತ್ತೆ ಅದನ್ನು ಅಡುಗೆಮನೆಯ ಪಕ್ಕದಲ್ಲಿ ಇರಿಸಿ, ಬ್ಲೌಸು, ಸೀರೆಗೆ ಫಾಲ್ಸು, ಇಷ್ಟು ಹೊಲಿ ಎಂದರು. ಗಂಡಸರ ಅಂಗಿ ಗಂಡಸರು ಹೊಲಿಯುತ್ತಾರಂತೆ. ಸೊಸೆಯನ್ನು ಇಲ್ಲಿ ದುಲ್ಹನ್ ಎಂದು ಕರೆಯುತ್ತಾರೆ, ಮಗು ಹುಟ್ಟಿ ಶಾಲೆಗೆ ಹೋದರೂ ಅವಳು ದುಲ್ಹನ್ನೇ. ನನ್ನ ಕಣ್ಣೆಲ್ಲ ಗ್ಯಾರೇಜಿನ ಪಕ್ಕದ ಕೋಣೆಯ ಮೇಲೆ. ರಸ್ತೆಗೆ ಬಾಗಿಲಿರುವ ಆ ಕೋಣೆಯಲ್ಲಿ ಹಳೇ ಟಯರು ತುಂಬಿಸಿಟ್ಟಿದ್ದರು. ಟಯರು ಹೊರಗೆ ಹಾಕಿ ಒಂದು ಮೇಜು ಇಟ್ಟರೆ ನನ್ನದೊಂದು ಅಂಗಡಿ ಆಗುತ್ತಿತ್ತು. ಮೂರು ಸಲ ಕೇಳಿದೆ. ನೋಡೋಣ ಎಂದರು. ಆ ಮಾತಿನ ಅರ್ಥ ಎಲ್ಲ ಊರಲ್ಲೂ ಒಂದೇ.

ಚೌಕಳಿಯ ಮೇಲೆ ನನಗೆ ಇಷ್ಟೇಕೆ ಹುಚ್ಚು ಎಂದು ನೀವು ಕೇಳಬಹುದು. ಮದುವೆಗೆ ಮೊದಲು ಮಂಗಳೂರಿನಲ್ಲಿ ಒಂದು ವರ್ಷ ಉಡುಪು ವಿನ್ಯಾಸದ ಡಿಪ್ಲೊಮಾ ಓದಿದ್ದೆ. ಅಲ್ಲಿ ಒಬ್ಬರು ಟೀಚರು ಚೌಕಳಿಯ ಚರಿತ್ರೆಯನ್ನು ಕಥೆಯ ಹಾಗೆ ಹೇಳಿದ್ದರು. ಇಂಗ್ಲಿಷಿನವರು ಪ್ಲೇಡ್ ಎನ್ನುವುದು ಮೂಲದಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನವರ ಮಾತು, ಅದರ ಅರ್ಥ ಕಂಬಳಿ. ದನ ಮೇಯಿಸುವವರ ಉದ್ದನೆಯ ಉಣ್ಣೆ ಬಟ್ಟೆ ಅದು. ಒಂದು ಹೊಲಿಗೆ ಇಲ್ಲ. ನೆರಿಗೆ ಹಿಡಿದು ಸೊಂಟಕ್ಕೆ ಪಟ್ಟಿ ಬಿಗಿದು ಮಿಕ್ಕದ್ದನ್ನು ಹೆಗಲಿಗೆ ಹಾಕಿಕೊಂಡರೆ ಉಡುಪು, ಬಿಚ್ಚಿ ಹೊದ್ದರೆ ಹಾಸಿಗೆ. ದಂಗೆ ಎದ್ದರು ಎಂದು ದೊರೆ ಅದನ್ನು ಉಡಲೇಬಾರದು ಎಂದು ಕಾನೂನು ಮಾಡಿದ. ಅವರ ಸೊಕ್ಕು ಅಡಗಿದ ಮೇಲೆ ದೊರೆಯ ವಂಶದವರೇ ಅದನ್ನು ಉಟ್ಟು ಚಿತ್ರ ಬರೆಸಿಕೊಂಡರು. ಗಿರಣಿಯವರು ಮನೆತನಕ್ಕೊಂದು ಚೌಕಳಿ ಎಂದು ಹೊಸದಾಗಿ ಪಟ್ಟಿ ಮಾಡಿ ಮಾರಿದರು. ಇತ್ತ ಮದರಾಸು ಕಡೆಯ ನೇಕಾರರ ಲುಂಗಿ ಚೌಕಳಿ ಹಡಗು ಹತ್ತಿ ಹೋಗಿ ದೊಡ್ಡವರ ಬೇಸಿಗೆ ಕೋಟಾಯಿತು. ಬಡವನ ಮೈಮೇಲಿದ್ದಾಗ ಅದು ಹಳ್ಳಿ ಬಟ್ಟೆ, ಉಳ್ಳವರ ಮೈಗೆ ಬಂದರೆ ಫ್ಯಾಶನ್ನು. ಪರೀಕ್ಷೆಯಲ್ಲಿ ಇದನ್ನೆಲ್ಲ ಬರೆದು ತರಗತಿಗೇ ಹೆಚ್ಚು ಅಂಕ ತೆಗೆದಿದ್ದೆ. ಪುಸ್ತಕದ ಬದನೆಕಾಯಿ ಎನ್ನುತ್ತಾರಲ್ಲ, ಅದು.

ಯೂಸುಫ್‌ನ ಈದ್‌ನ ಚೌಕಳಿ ಅಂಗಿಯನ್ನು ಹಟ ಹಿಡಿದು ನಾನೇ ಹೊಲಿದೆ. ಅದನ್ನು ಗ್ಯಾರೇಜಿನಲ್ಲಿ ನೋಡಿದವಳು ಬೋರಮ್ಮ. ಉಳ್ಳಾರ್ತಿ ಕಾವಲ್ ಕಡೆಯ ಹಟ್ಟಿಯವಳು, ಐವತ್ತು ದಾಟಿದ ಗಟ್ಟಿ ಹೆಂಗಸು, ಕುರಿ ಮೇವು ಎಂದು ವಾರಕ್ಕೊಮ್ಮೆ ಪೇಟೆಗೆ ಬರುವವಳು. ದೊಡ್ಡ ಮಗನ ಬೈಕು ರಿಪೇರಿಗೆ ಬಿಟ್ಟು ಕಾಯುತ್ತಿದ್ದವಳು ಎದ್ದು ಬಂದು ನನ್ನ ಗಂಡನ ಎದೆಯ ಮೇಲೆ ಬೆರಳಾಡಿಸಿ, ಜೇಬು ಎಲ್ಲೈತಪ್ಪ ಎಂದು ಕೇಳಿದಳಂತೆ. ನಾವು ಕಿಸೆ ಎನ್ನುವುದು ಇಲ್ಲಿ ಜೇಬು. ಒಳಗೆ ಬಂದು ನನ್ನ ಕೈ ಹಿಡಿದಳು. ಅವತ್ತಿನಿಂದ ನನಗೆ ಈ ಊರಿನಲ್ಲಿ ನನ್ನವಳು ಎನ್ನಲು ಒಬ್ಬಳು ಸಿಕ್ಕಳು. ಬಂದಾಗಲೆಲ್ಲ ಹುರುಳಿಯೋ ಸೀತಾಫಲವೋ ಸೆರಗಿನಲ್ಲಿ ಇರುತ್ತಿತ್ತು.

ಆ ದೊಡ್ಡ ಮಗನಿಗೆ ಬಿ.ಜಿ. ಕೆರೆಯ ಹುಡುಗಿಯ ಜೊತೆ ಮದುವೆ ಗೊತ್ತಾಯಿತು. ಸೀರೆ ತೆಗೆಯಲು ಬೋರಮ್ಮ ನನ್ನನ್ನೂ ಮೊಳಕಾಲ್ಮುರಿಗೆ ಕರೆದುಕೊಂಡು ಹೋದಳು. ನೇಕಾರರ ಮನೆಯಲ್ಲಿ ಅವಳು ಸರಸರ ತೆಲುಗಿಗೆ ತಿರುಗಿದಳು, ನಾನು ಮಗ್ಗ ನೋಡುತ್ತಾ ಕೂತೆ. ಉದ್ದ ಗೆರೆ ಹಾಸಿನಲ್ಲೇ ಬಂದಿರುತ್ತದೆ, ಅಡ್ಡ ಗೆರೆ ಮಾತ್ರ ಕೈಯ ಲೆಕ್ಕ, ಕೈ ಅವಸರ ಮಾಡಿದರೆ ಚೌಕ ಚಪ್ಪಟೆಯಾಗುತ್ತದೆ ಎಂದು ನೇಕಾರ ಕನ್ನಡದಲ್ಲಿ ನನಗಾಗಿ ಹೇಳಿದ. ಕುಂಕುಮ ಬಣ್ಣಕ್ಕೆ ಕಪ್ಪು ಚೌಕಳಿಯ ಸೀರೆ ಆಯಿತು. ಮದುಮಗನ ಕಡೆಯ ಗಂಡಸರಿಗೆಲ್ಲ ಅದೇ ಬಣ್ಣದ ಚೌಕಳಿ ಅಂಗಿ ಇರಲಿ ಎಂದು ಬೋರಮ್ಮನೇ ಹೇಳಿದಳು. ಈಗ ಹಟ್ಟಿಯ ಮದುವೆಗೂ ಫೋಟೋಕ್ಕೆ ಒಂದೇ ಥರದ ಅಂಗಿ ಬೇಕು. ಹನ್ನೊಂದು ಅಂಗಿ, ಹೊಲಿಯುವವಳು ನಾನು.

ಅತ್ತೆ ಒಂದು ದಿನ ಯೋಚಿಸಿ ಮಾತು ಕೊಟ್ಟರು. ಈ ಹನ್ನೊಂದು ಅಂಗಿ ಹಟ್ಟಿಯವರಿಗೆ ಒಪ್ಪಿತವಾದರೆ ಟಯರು ಹಿತ್ತಲಿಗೆ, ಕೋಣೆ ನಿನಗೆ. ಯೂಸುಫ್ ಆಗಲೇ ಬೋರ್ಡಿನ ಅಳತೆ ತೆಗೆದ.

ಬೋರಮ್ಮ ತಂದುಕೊಟ್ಟ ಅಂಗಿ ಬಟ್ಟೆಯ ಥಾನು ಬಿಚ್ಚಿ ಅಳೆದೆ. ಹನ್ನೊಂದು ಅಂಗಿಗೆ ಬೇಕಾದ್ದಕ್ಕಿಂತ ಎರಡೂವರೆ ಮೀಟರ್ ಹೆಚ್ಚಿತ್ತು. ನನಗೆ ಕಣ್ಣು ತುಂಬಿ ಬಂತು. ಗೆರೆ ಹೊಂದಿಸಲು ಬಟ್ಟೆ ಜಾಸ್ತಿ ಬೇಕು ಎಂದು ಇಲ್ಲೂ ತಿಳಿದವರಿದ್ದಾರೆ, ಕೇಳದೆ ಕೊಟ್ಟಿದ್ದಾರೆ ಎಂದುಕೊಂಡೆ. ಅಪ್ಪನಿಗೆ ಫೋನು ಮಾಡಿ ಹೇಳಿದೆ. ಒಂದು ಗೇಣೂ ಉಳಿಸಬೇಡ, ಕೈತುಂಬ ಬಳಸಿ ಹೊಲಿ ಎಂದರು. ಹಾಗೆಯೇ ಮಾಡಿದೆ. ಹನ್ನೆರಡು ದಿನ ಬೆನ್ನು ನೆಟ್ಟಗೆ ಮಾಡಲಿಲ್ಲ. ಕಿಸೆ, ಕಾಲರ್, ತೋಳು ಸೇರುವ ಜಾಗ, ಎಲ್ಲಿಯೂ ಒಂದು ಗೆರೆ ತಪ್ಪಲಿಲ್ಲ. ಕೊನೆಗೆ ಉಳಿದದ್ದು ಗುಂಡಿ ಒರೆಸುವಷ್ಟು ಚಿಂದಿ.

ಮದುವೆಯ ಹಿಂದಿನ ದಿನ ಬೋರಮ್ಮ ಬಂದಳು. ಒಂದೊಂದೇ ಅಂಗಿ ಬಿಡಿಸಿ ಕಿಸೆ ತಡವಿ ನಕ್ಕಳು. ಅತ್ತೆಯೂ ಬಂದು ನಿಂತು ನೋಡಿ ತಲೆಯಾಡಿಸಿದರು. ಹನ್ನೊಂದೂ ಮಡಚಿದ ಮೇಲೆ ಬೋರಮ್ಮ ಮೆಷಿನಿನ ಹಿಂದೆ, ಚೀಲದೊಳಗೆ ಕಣ್ಣಾಡಿಸಿದಳು.

“ಪಾಲಯ್ಯನ ತುಂಡು ಎಲ್ಲೈತವ್ವ?”

ನನಗೆ ಅರ್ಥವಾಗಲಿಲ್ಲ. ಪಾಲಯ್ಯ ಅವಳ ಚಿಕ್ಕ ಮಗ, ಅಷ್ಟು ಗೊತ್ತಿತ್ತು. ಮಿಕ್ಕದ್ದನ್ನು ಅವಳು ಮೆಲ್ಲಗೆ ಹೇಳಿದಳು. ಅವನು ಹಟ್ಟಿಯ ದೇವರ ಎತ್ತುಗಳನ್ನು ಕಾಯುವವನು, ಕಿಲಾರಿ. ಅವರ ಮನೆತನದ ಪದ್ಧತಿಯಲ್ಲಿ ಕಿಲಾರಿ ಕಾಲಿಗೆ ಚಪ್ಪಲಿ ಹಾಕುವುದಿಲ್ಲ, ಹೊಲಿದ ಬಟ್ಟೆ ತೊಡುವುದಿಲ್ಲ. ಮನೆಯಲ್ಲಿ ಮದುವೆಯಾದರೆ ಎಲ್ಲರ ಅಂಗಿಯ ಅದೇ ಥಾನಿನಿಂದ ಎರಡೂವರೆ ಮೀಟರ್ ಸೂಜಿ ಮುಟ್ಟಿಸದೆ ಎತ್ತಿಡಬೇಕು. ಅದನ್ನು ಹೆಗಲಿಗೆ ಹಾಕಿಕೊಂಡು ಅವನು ಮದುಮಗನ ಹಿಂದೆ ಚಪ್ಪರದೊಳಗೆ ಬರುತ್ತಾನೆ. ಒಂದೇ ಥಾನಿನವರಿಗಷ್ಟೇ ಆ ಜಾಗ, ಆ ತುಂಡು ಇಲ್ಲದೆ ಕಿಲಾರಿ ಚಪ್ಪರದೊಳಗೆ ಕಾಲಿಡುವಂತಿಲ್ಲ. ಸುತ್ತಿನ ಟೈಲರುಗಳಿಗೆಲ್ಲ ಇದು ಗೊತ್ತು, ಆ ಮೂರು ಚೌಕಳಿಯವನಿಗೂ ಗೊತ್ತು. ಅದಕ್ಕೇ ಬೋರಮ್ಮ ಬಾಯಿಬಿಟ್ಟು ಹೇಳಿರಲಿಲ್ಲ.

ಯೂಸುಫ್‌ನ ಬೈಕು ಹತ್ತಿ ಬಟ್ಟೆ ಅಂಗಡಿಗೆ ಓಡಿದೆ. ಆ ಥಾನು ಮುಗಿದಿತ್ತು. ಅದೇ ಬಣ್ಣದ ಇನ್ನೊಂದು ಇತ್ತು, ಅದರ ಕಪ್ಪು ಗೆರೆ ಒಂದು ಎಳೆ ದಪ್ಪ. ವಾಪಸು ಬಂದು, ಒಂದು ಅಂಗಿ ಬಿಚ್ಚಿ ಕೊಡುತ್ತೇನೆ, ಎರಡು ಅಂಗಿ ಬಿಚ್ಚುತ್ತೇನೆ ಎಂದು ಗೋಗರೆದೆ.

“ಸೂಜಿ ತಾಗೈತಲ್ಲವ್ವ,” ಎಂದಳು ಬೋರಮ್ಮ. ಅಂಗಿಗಳನ್ನು ಗಂಟು ಕಟ್ಟಿಕೊಂಡಳು. ನಾಳೆ ಬೇಗ ಬಂದುಬಿಡು, ಊಟ ಅಲ್ಲೇ ಎಂದು ಹೇಳಿ ಹೋದಳು.

ನಾನು ಹೋದೆ. ಬಿ.ಜಿ. ಕೆರೆಯ ಚಪ್ಪರದಲ್ಲಿ ಹನ್ನೊಂದು ಗಂಡಸರು ಸಾಲಾಗಿ ನಿಂತಿದ್ದರು, ಒಬ್ಬನ ಎದೆಯ ಗೆರೆ ಇನ್ನೊಬ್ಬನ ಎದೆಗೆ ಹರಿದುಹೋಗುವ ಹಾಗೆ. ಫೋಟೋ ತೆಗೆಯುವವನೇ ಯಾರು ಹೊಲಿದದ್ದು ಎಂದು ಕೇಳಿದ. ಚಪ್ಪರದ ಹೊರಗೆ ಬೇವಿನ ಮರದಡಿ ಪಾಲಯ್ಯ ಬರಿಗಾಲಿನಲ್ಲಿ, ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು ನಿಂತಿದ್ದ. ತಾಳಿ ಕಟ್ಟುವಾಗ ಹಿಮ್ಮಡಿ ಎತ್ತಿ ಒಳಗೆ ನೋಡಿದ. ದನ ಕಾಯುವವನು, ಹೊಲಿಗೆ ಇಲ್ಲದ ಬಟ್ಟೆ, ಹೆಗಲಿಗೆ ಕಂಬಳಿ. ಎಷ್ಟೋ ಸಾವಿರ ಮೈಲಿ ಆಚೆಯ ಗುಡ್ಡಗಾಡಿನವರ ಬಗ್ಗೆ ನಾಲ್ಕು ಪುಟ ಬರೆದವಳಿಗೆ ಆರು ವರ್ಷ ಇದೇ ಸೀಮೆಯಲ್ಲಿ ಇದ್ದವನು ಕಾಣಲಿಲ್ಲ. ನನ್ನ ಓದಿಗಿಷ್ಟು ಬೆಂಕಿ ಹಾಕ!

ಅತ್ತೆ ಬೈಯಲಿಲ್ಲ. “ಬಿಡು ದುಲ್ಹನ್, ನಿಂಗೇನು ಗೊತ್ತು? ಬ್ಲೌಸು ಹೊಲ್ಕೊಂಡಿರು,” ಎಂದು ತಲೆ ಸವರಿದರು. ತಿಂಗಳೊಳಗೆ ಟಯರು ಹಿತ್ತಲಿಗೆ ಹೋಯಿತು. ಕೋಣೆಯಲ್ಲಿ ಈಗ ಮೊಬೈಲ್ ರಿಪೇರಿಯವನು ಬಾಡಿಗೆಗೆ ಇದ್ದಾನೆ. ಅಲ್ಲಿಂದಾಚೆ ಬೋರಮ್ಮ ಪೇಟೆಗೆ ಬಂದಾಗ ಗ್ಯಾರೇಜಿನ ಹೊರಗಿನಿಂದಲೇ ಚೆನ್ನಾಗಿದ್ದೀಯಾ ಎಂದು ಕೇಳಿ ಮುಂದೆ ಹೋಗುತ್ತಾಳೆ.

ಕಡೆಗೆ ತಡೆಯಲಾಗದೆ ಒಂದು ದಿನ ಎರಡೂವರೆ ಮೀಟರ್ ಹೊಸ ಚೌಕಳಿ ಕೊಂಡು, ಅಂಚಿಗೂ ಸೂಜಿ ಮುಟ್ಟಿಸದೆ, ಯೂಸುಫ್‌ನ ಜೊತೆ ಕಾವಲಿಗೆ ಹೋದೆ. ಸರ್ಕಾರಿ ಬೇಲಿ ಬಂದು ಅರ್ಧವಾದ ಹುಲ್ಲುಗಾವಲಿನಲ್ಲಿ ಪಾಲಯ್ಯ ಎತ್ತುಗಳ ಜೊತೆ ಇದ್ದ. ಬಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಇನ್ನು ಯಾವ ಮದುವೆಗೆ ಹಾಕುತ್ತಾನೆ? ಇದ್ದವನು ಒಬ್ಬನೇ ಅಣ್ಣ. ನನ್ನಿಂದ ದೊಡ್ಡ ತಪ್ಪಾಯಿತು, ಬೈದುಬಿಡು ಎಂದೆ. ಅವನು ತಲೆ ತಗ್ಗಿಸಿ ನಕ್ಕ.

“ನಿಮ್ ಕಡೆ ಗೊತ್ತಿರಲ್ಲ ಬಿಡ್ರಿ ಅಕ್ಕ. ನಮ್ಮೋರಾಗಿದ್ರೆ ಬೈತಿದ್ದೆ.”

ಎಷ್ಟು ಮರ್ಯಾದೆಯಿಂದ ಹೇಳಿದ ಎಂದರೆ ನನಗೆ ಅಲ್ಲೇ ಕೂತು ಅಳಬೇಕೆನಿಸಿತು. ದಾರಿಯುದ್ದಕ್ಕೂ ಯೂಸುಫ್‌ನ ಬೆನ್ನಿಗೆ ಹಣೆ ಒತ್ತಿ ಅಳುತ್ತಾ ಬಂದೆ.

ರಜೆಗೆ ಬಂಟ್ವಾಳಕ್ಕೆ ಹೋದಾಗ ಅಪ್ಪನಿಗೆ ಮದುವೆಯ ಫೋಟೋ ತೋರಿಸಿದೆ. ಕನ್ನಡಕ ಏರಿಸಿ ನೋಡಿ, ಒಂದು ಗೆರೆ ತಪ್ಪಿಲ್ಲ, ಭೇಷ್ ಎಂದರು. ಆ ತುಂಡಿನ ಕಥೆ ಹೇಳಿದರೆ, ಬೇರೆ ಬಟ್ಟೆ ಹಾಕಿಕೊಂಡರೆ ಏನಾಗುತ್ತಿತ್ತಂತೆ, ಅದೆಂಥ ಜನ ಎಂದು ನಕ್ಕರು. “ಹಂಗೆಲ್ಲ ಅನ್ಬಾರ್ದು, ಅದು ಅವರ ಪದ್ಧತಿ ಐತೆ,” ಎಂದು ನನ್ನ ಬಾಯಿಂದ ಜೋರಾಗಿ ಬಂದುಬಿಟ್ಟಿತು. ಮನೆಯೆಲ್ಲ ನನ್ನ ಮಾತು ಕೇಳಿ ನಕ್ಕಿತು. ಹಿಂದೆ ಹೀಗೆ ಎದುರು ಮಾತಾಡಿದ್ದರೆ ಅಪ್ಪ ಅಳತೆ ಕೋಲು ಎತ್ತುತ್ತಿದ್ದರು. ಈಗ, ಹೋಗಲಿ, ನಾಲ್ಕು ದಿನಕ್ಕೆ ಬಂದವಳು, ಅವಳ ಮನಸ್ಸು ನೋಯಿಸಬೇಡಿ ಎಂದು ಎಲ್ಲರಿಗೂ ಹೇಳಿ, ನನ್ನ ತಟ್ಟೆಗೆ ಇನ್ನೊಂದು ಬಂಗುಡೆ ಬಡಿಸಿದರು.