ಪರ್ಬುಗಳು ಖಾಲಿ ಮಾಡಿಸಿದ ಮನೆಗಳು

ಪಿಕಪ್ಪಿನಲ್ಲಿ ನಾವು ಮೂವರು: ಮಲಯಾಳಿ ಡ್ರೈವರ್, ನಾನು, ನಡುವೆ ಯಂತ್ರದ ಪೆಟ್ಟಿಗೆಯನ್ನು ಮೊಮ್ಮಗುವಿನಂತೆ ಮಡಿಲಲ್ಲಿಟ್ಟುಕೊಂಡ ವಿಕ್ಟರ್. ಕರಾವಳಿಯ ಕ್ರೈಸ್ತರನ್ನು ನಮ್ಮ ಹಿರಿಯರು ಕರೆಯುತ್ತಿದ್ದಂತೆ ನಾನೂ ವಿಕ್ಟರರನ್ನು ಪರ್ಬುಗಳೇ ಎನ್ನುತ್ತಿದ್ದೆ.

ದೋಹಾದಿಂದ ಉತ್ತರಕ್ಕೆ, ಸಮುದ್ರದ ಬದಿಯಲ್ಲಿ, ಬೆಸ್ತರು ಎಂದೋ ಬಿಟ್ಟುಹೋದ ಊರು. ಗೋಡೆಗಳು ಪೂರ್ತಿ ಬೀಳುವ ಮೊದಲು ಲೇಸರಿನಿಂದ ಅಳೆದು ಕಂಪ್ಯೂಟರಿನಲ್ಲಿ ಉಳಿಸುವುದು ನಮ್ಮ ಕೆಲಸ. ಟ್ರೈಪಾಡಿನ ಮೇಲೆ ಯಂತ್ರ ಒಂದು ಸುತ್ತು ತಿರುಗಿದರೆ ಮನೆಯೆಲ್ಲ ಚುಕ್ಕೆ ಚುಕ್ಕೆಯಾಗಿ ಅದರೊಳಗೆ ಸೇರುತ್ತದೆ; ಆಮೇಲೆ ಪರದೆಯ ಮೇಲೆ ಆ ಮನೆಯಲ್ಲಿ ಓಡಾಡಬಹುದು. ತಿರುಗುವಾಗ ಯಾರಾದರೂ ಅಡ್ಡ ಬಂದರೆ ಮಾತ್ರ ಚಿತ್ರ ಕೆಡುತ್ತದೆ.

ಹಾಗಾಗಿ ಪರ್ಬುಗಳು ಪ್ರತಿ ಬಾಗಿಲಲ್ಲೂ ನಿಂತು ಕೂಗುತ್ತಿದ್ದರು: "ಯಲ್ಲಾ, ನಡೆಯಿರಿ, ಇದ್ದವರೆಲ್ಲ ಹೊರಗೆ ಬನ್ನಿ."

"ಯಾರಿದ್ದಾರೆ ಪರ್ಬುಗಳೇ? ಒಂದು ಪಾರಿವಾಳ ಸಹ ಇಲ್ಲ."

"ಇರಲಿ ಮಾರಾಯ. ಕೇಳದೆ ಹೊಕ್ಕರೆ ಮರ್ಯಾದೆ ಎಂತದು?"

ಬಹಳ ವರ್ಷಗಳಿಂದ ಅವರು ದೋಹಾದ ಅಲ್ ಮನ್ಸೂರಾದ ಕೋಣೆಯಲ್ಲಿ ಒಬ್ಬರೇ ಇದ್ದರು. ಫ್ಯಾಮಿಲಿ ವೀಸಾ ಸಿಗುವಂಥ ಸಂಬಳವಲ್ಲ. ಊರಿನಲ್ಲಿ, ಶಿರ್ವದಲ್ಲಿದ್ದ ಹೆಂಡತಿ ಸಿಸಿಲಿಯಾ ಬಾಯಮ್ಮನದು ಫೋನಿನಲ್ಲಿ ಒಂದೇ ದೂರು: "ನೀವು ಅಲ್ಲಿ ಹೇಗಿರುವುದು ಅಂತಲೇ ಗೊತ್ತಿಲ್ಲ. ಫೋಟೋದಲ್ಲಿ ಬರೀ ನಿಮ್ಮ ಮುಖ."

"ಇವಳನ್ನು ಒಮ್ಮೆ ಕೋಣೆಯೊಳಗೆ ಕರೆದುಕೊಂಡು ಹೋಗಬೇಕಲ್ಲ," ಎಂದರು ಪರ್ಬುಗಳು ಒಂದು ದಿನ, ಯಂತ್ರವನ್ನೇ ನೋಡುತ್ತ.

ಕಂಪೆನಿಯ ಸಾಹೇಬರನ್ನು ಕೇಳಿ ಒಂದು ಶುಕ್ರವಾರ ಕೋಣೆಗೆ ಯಂತ್ರ ತಂದೆವು. ಪರ್ಬುಗಳು ನೆಲ ಒರೆಸಿದರು, ಮಂಚಕ್ಕೆ ಹೊಸ ಚಾದರ ಹಾಸಿದರು, ಏಸುವಿನ ಪಟದ ಧೂಳು ತೆಗೆದರು. ಮತ್ತೆ ರೂಢಿಯಂತೆ ನನ್ನನ್ನು ಹೊರಗಟ್ಟಿ, ತಾವೂ ಬಂದು ಬಾಗಿಲು ಎಳೆದುಕೊಂಡರು. ಒಳಗೆ ಯಂತ್ರ ತಿರುಗುತ್ತಿತ್ತು. ನಾವಿಬ್ಬರು ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿದೆವು.

ರಜೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಶಿರ್ವಕ್ಕೆ ಹೋದೆ. ಬಾಯಮ್ಮ ಕನ್ನಡಕ ಹಾಕಿ ಕುಳಿತರು. ಮಂಚ, ಸ್ಟೌ, ಹಗ್ಗದ ಮೇಲಿನ ಅಂಗಿ, ಎಲ್ಲವನ್ನೂ ಸುತ್ತಿಸಿ ತೋರಿಸಿದೆ.

"ಚಂದ ಇಟ್ಟುಕೊಂಡಿದ್ದಾರೆ," ಎಂದರು. ಪರದೆಯ ಹತ್ತಿರಕ್ಕೆ ಬಾಗಿ, "ಇವರು ಎಲ್ಲಿ ಮಗಾ?"

"ಯಂತ್ರ ತಿರುಗುವಾಗ ಯಾರೂ ಇರಬಾರದು ಬಾಯಮ್ಮ."

"ಸತ್ತವರ ಕೋಣೆ ಹೀಗೇ ಇರುವುದು," ಎಂದು ಅವರು ಕನ್ನಡಕ ತೆಗೆದರು.

ದೋಹಾಕ್ಕೆ ಮರಳಿದ ಮೇಲೆ ಈ ಮಾತನ್ನು ಪರ್ಬುಗಳಿಂದ ಮುಚ್ಚಿಡಲು ನೋಡಿದೆ. ಬಾಯಮ್ಮ ಆಗಲೇ ಫೋನಿನಲ್ಲಿ ಹೇಳಿಬಿಟ್ಟಿದ್ದರು.

"ಅವಳು ಹೇಳಿದ್ದು ಸುಳ್ಳಲ್ಲ ಮಾರಾಯ. ಆಫೀಸಿನಲ್ಲಿ ನಾನೂ ಆ ಚಿತ್ರ ತೆರೆದು ನೋಡಿದೆ," ಎಂದರು ಪರ್ಬುಗಳು. "ಖಲಾಸ್. ಇನ್ನು ಸಾಕು."

ಆ ಚಳಿಗಾಲದಲ್ಲೇ ಅವರು ಕೆಲಸ ಬಿಟ್ಟು ಊರಿಗೆ ಹೋದರು. ಬಾಡಿಗೆ ಕಡಿಮೆಯೆಂದು ಮುಂದಿನ ತಿಂಗಳು ಅವರ ಆ ಕೋಣೆಗೆ ನಾನು ವಾಸಕ್ಕೆ ಹೋದೆ.