ಕಾಗದದ ಮೇಷ್ಟ್ರ ಹೊಸ ವರ್ಷನ್

ಹೊಲಿಗೆ ಯಂತ್ರ ರಿಪೇರಿ ಮಾಡುವವನಿಗೆ ವೆಬ್‌ಸೈಟ್ ಯಾಕೆ ಎಂದು ಮೂಗು ಮುರಿದವರೇ ಈಗ ಯಂತ್ರ ಕೈಕೊಟ್ಟಾಗ ಮೊದಲು ಅದನ್ನು ತೆರೆಯುತ್ತಾರೆ. ಹನ್ನೊಂದು ವರ್ಷದಿಂದ ಅವನು ರಿಪೇರಿ ಮೇಜಿನ ಮೂಲೆಯಲ್ಲಿ ಕೂತು, ಹಳೆಯ ಯಂತ್ರಗಳ ಕಾಯಿಲೆ, ಮದ್ದು ಎರಡನ್ನೂ ಒಂದೊಂದು ಫೈಲಿನಲ್ಲಿ ಬರೆದಿಡುತ್ತ ಬಂದಿದ್ದಾನೆ. ಆ ಫೈಲುಗಳನ್ನು ಪುಟಗಳಾಗಿ ಕಟ್ಟಿಕೊಡುವುದು ಒಂದು ಪುಕ್ಕಟೆ ಸಾಫ್ಟ್‌ವೇರ್. ಇದ್ದ ಪುಟಗಳಲ್ಲಿ ಒಂದಕ್ಕೆ ಮಾತ್ರ ಭಾರಿ ಹೆಸರು. ಹೊಲಿಗೆ ತಪ್ಪಿಸುವ ಯಂತ್ರದಲ್ಲಿ ಸೂಜಿಗೂ ನೂಲು ಹಿಡಿಯುವ ಕೊಕ್ಕೆಗೂ ನಡುವಿನ ಸಂದನ್ನು, ಅಳೆಯುವ ಗೇಜಿಲ್ಲದೆ, ಬರೀ ಕಾಗದದ ಚೂರಿನಿಂದ ಸರಿಮಾಡುವ ಉಪಾಯ ಅದರಲ್ಲಿತ್ತು. ಓದಿದವರು ಅವನಿಗೆ ‘ಕಾಗದದ ಮೇಷ್ಟ್ರು’ ಎಂದು ಹೆಸರಿಟ್ಟರು. ಮೇಷ್ಟ್ರು ಎನಿಸಿಕೊಂಡ ಮೇಲೆ ಮನುಷ್ಯ ನಡೆಯುವ ಗತ್ತೇ ಬೇರೆ. ಅವನೂ ಅದಕ್ಕೆ ಹೊರತಲ್ಲ.

ಈ ವರ್ಷ ಆ ಸಾಫ್ಟ್‌ವೇರಿನ ಹಳೆಯ ವರ್ಷನ್‌ಗೆ ಎಳ್ಳುನೀರು ಬಿಟ್ಟರು. ಹೊಸದಕ್ಕೆ ಹೋಗದೆ ವಿಧಿಯಿರಲಿಲ್ಲ. ಅಂಗಡಿಗೆ ರಜೆ ಇದ್ದ ದಿನ ಬೆಳಿಗ್ಗೆ ಕೂತ. ಮೊದಲ ಸಲ ಓಡಿಸಿದಾಗ ಪರದೆ ತುಂಬ ಕೆಂಪು ಅಕ್ಷರ. ಚಿತ್ರಗಳನ್ನು ಸರಿಮಾಡಿದರೆ ಮೆನು ಮಾಯ, ಮೆನು ಬಂದರೆ ತಾರೀಕುಗಳು ಅದಲುಬದಲು. ಯಾವ ಯಂತ್ರದ ಮುಂದೆಯೂ ಕೆಡದ ತಲೆ ಇಲ್ಲಿ ಕೆಟ್ಟು ಕೆರ ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ಅಂತೂ ದಾರಿಗೆ ಬಂತು ಎನ್ನುವಾಗ, ಇನ್ನೂರ ಹನ್ನೆರಡು ಪುಟ ಇರಬೇಕಾದಲ್ಲಿ ಇನ್ನೂರ ಇಪ್ಪತ್ತೊಂದು ಕಂಡವು.

ಹೆಸರಿನ ಮೊದಲಿಗೆ ಅಡಿಗೆರೆ (_) ಹಾಕಿದ ಫೈಲುಗಳನ್ನು ಹಳೆಯ ವರ್ಷನ್ ಮುಟ್ಟುತ್ತಿರಲಿಲ್ಲ. ತನಗಷ್ಟೇ ಬೇಕಾದ ಟಿಪ್ಪಣಿಗಳನ್ನು ಅವನು ಹಾಗೆ ಬಚ್ಚಿಡುತ್ತಿದ್ದ. ಹೊಸದಕ್ಕೆ ಆ ಮುಲಾಜಿಲ್ಲ, ಸಿಕ್ಕಿದ್ದನ್ನೆಲ್ಲ ಪುಟ ಮಾಡಿತ್ತು. ಹೆಚ್ಚಿಗೆ ಬಂದ ಒಂಬತ್ತರಲ್ಲಿ ಎಂಟು ಬಿಡಿಭಾಗಗಳ ಪಟ್ಟಿ. ಒಂಬತ್ತನೆಯದರಲ್ಲಿ ಹೀಗಿತ್ತು: “ಕಾಗದದ ಉಪಾಯ ನನ್ನದಲ್ಲ. ಅಕ್ಕ ಮಾಡುವುದನ್ನು ಒಮ್ಮೆ ನೋಡಿ ಕಲಿತದ್ದು. ಪುಟದಲ್ಲಿ ಸೇರಿಸಬೇಕು.”

‘ಸೇರಿಸಬೇಕು’ ಎಂದು ಬರೆದದ್ದರಿಂದಲೇ ಆಗ ಮನಸ್ಸು ಹಗುರವಾಗಿತ್ತು. ಆಮೇಲೆ ಮೇಷ್ಟ್ರು ಎಂಬ ಹೆಸರು ಬಂತು, ಹೇಳಲು ಬಾಯಿ ಬರಲಿಲ್ಲ. ಅಕ್ಕ ಎರಡು ಬೀದಿ ಆಚೆ ಆರು ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಸುತ್ತಾಳೆ. ವಾರಕ್ಕೊಮ್ಮೆ ಫೋನ್ ಮಾಡಿ ತಮ್ಮನ ಜೊತೆ ಜಗಳವಾಡದಿದ್ದರೆ ಅವಳಿಗೆ ತಿಂದ ಅನ್ನ ಕರಗುವುದಿಲ್ಲ. ಆ ಪುಟದ ಬಗ್ಗೆ ಮಾತ್ರ ಎಂದೂ ತುಟಿ ಪಿಟಕ್ಕೆಂದಿಲ್ಲ. ನೋಡಿರಲಿಕ್ಕಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ.

ಸೆಟ್ಟಿಂಗ್ಸ್‌ನಲ್ಲಿ ಒಂದು ಸಾಲು ಸೇರಿಸಿದರೆ ಒಂಬತ್ತೂ ಮತ್ತೆ ಮರೆಯಾಗುತ್ತಿದ್ದವು. ಸೇರಿಸಿದ. ಮರೆಯಾದವು. ಇನ್ನು ಪ್ರಕಟಿಸುವುದೊಂದೇ ಬಾಕಿ, ಆದರೆ ಕೈ ಏಳಲಿಲ್ಲ. ಇಷ್ಟು ದಿನ ಮರೆತಿದ್ದೆ ಎನ್ನಬಹುದಿತ್ತು. ಇವತ್ತು ಓದಿ, ಗೊತ್ತಿದ್ದೇ ಮುಚ್ಚಿಟ್ಟಂತಾಗುತ್ತದೆ. ಅವನಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು. ಎದ್ದು ಹೋಗಿ ನೀರು ಕುಡಿದು ಬಂದು, ಆ ಹೆಸರುವಾಸಿ ಪುಟದ ಮೇಲ್ತುದಿಯಲ್ಲಿ ಬರೆದ: “ಈ ಉಪಾಯ ನನ್ನ ಅಕ್ಕನದು. ಇಷ್ಟು ವರ್ಷ ಹೇಳದೇ ಇದ್ದದ್ದು ನನ್ನ ತಪ್ಪು.” ಪ್ರಕಟಿಸಿ, ಅಕ್ಕನಿಗೆ ಲಿಂಕ್ ಕಳಿಸಿ, ಫೋನನ್ನು ನೂಲಿನ ಡಬ್ಬಿಯ ಹಿಂದೆ ಮಗುಚಿ ಇಟ್ಟ.

ಹತ್ತು ನಿಮಿಷಕ್ಕೆಲ್ಲ ಅದು ಗುರುಗುಟ್ಟಿತು.

“ಓದಿದ್ಯಾ ಅಕ್ಕಾ?”

“ಓದ್ದೆ. ಮೂರನೇ ಸಾಲು ತಪ್ಪು ಕಣೋ. ಕಾಗದ ಮಡಚಿ ಇಡಿ ಅಂತ ಬರ್ದಿದೀಯ. ಮಡಚಬಾರ್ದು, ಒಂದೇ ಪದರ ಇರ್ಬೇಕು. ಎರಡಾದ್ರೆ ನಾಲ್ಕು ದಿನ ಬಿಟ್ಟು ಹೊಲಿಗೆ ಮತ್ತೆ ತಪ್ಪುತ್ತೆ.”

ಅಂಗಡಿಯಲ್ಲಿ ಅವನು ಬಳಸುತ್ತಿದ್ದದ್ದು ಉಕ್ಕಿನ ಗೇಜನ್ನೇ. ಕಾಗದದ ಮೇಷ್ಟ್ರು ಕಾಗದ ಇಟ್ಟು ನೋಡಿದ್ದೇ ಇಲ್ಲ. “ನೀನು ಇದನ್ನ ಮೊದ್ಲು ನೋಡಿದ್ದು ಯಾವಾಗ?”

“ನೀನು ಹಾಕಿದ ವಾರಾನೇ.”

“ಮತ್ತೆ ಇಷ್ಟು ವರ್ಷ ತಪ್ಪು ಅಂತ ಒಂದು ಮಾತು ಹೇಳ್ಲಿಲ್ವಲ್ಲ!”

“ಆಗ ಅದು ನಿನ್ನ ಉಪಾಯ ಆಗಿತ್ತಪ್ಪಾ. ನಿನ್ನ ಕೆಲಸಕ್ಕೆ ನಾನ್ಯಾಕೆ ತಲೆ ಹಾಕ್ಲಿ? ಈಗ ನಂದು ಅಂತ ಬರ್ದಿದೀಯ. ಮೊದ್ಲು ತಿದ್ದು. ಕಾಯ್ತೀನಿ, ಫೋನ್ ಇಡಬೇಡ.”