ಹೊಸ್ತಿಲಲ್ಲಿ ನಿಂತು ಮೂಸುವುದು

ಮೂಗಿನ ವಿಷಯದಲ್ಲಿ ನನಗೆ ವಿನಯವಿಲ್ಲ. ಅಡುಗೆ, ಹಾಡು, ಲೆಕ್ಕ ಇವುಗಳಲ್ಲಿ ಯಾರು ಬೇಕಾದರೂ ನನ್ನನ್ನು ಸೋಲಿಸಿ ಹೋಗಲಿ, ಬೇಸರವಿಲ್ಲ. ಆದರೆ ಹಾಲು ಕೆಡುವ ಸೂಚನೆ ಒಲೆಗಿಡುವ ಮೊದಲೇ ನನಗೆ ಸಿಕ್ಕಿರುತ್ತದೆ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟುವುದು ನನ್ನ ಕಸುಬು. ಯಾರಾದರೂ ಹಳೆಯ ಸೀರೆ ತಂದರೆ, ಅದರ ಮಡಿಕೆ ಬಿಚ್ಚುವ ಮುನ್ನವೇ ಬೀರುವಿಗೆ ತೇವ ಹೊಕ್ಕಿದೆ ಎಂದು ಹೇಳಿ ಅವರ ಮುಖ ನೋಡುವುದು ನನಗೆ ಸಣ್ಣದೊಂದು ಸುಖ.

ಇಂಥ ನಾನು ತಂಗಿಯ ಮನೆಗೆಂದು ಯಳಂದೂರಿಗೆ ಹೋಗಿ, ಕೆಲವು ದಿನ ಇದ್ದು, ಹೋದ ತಿಂಗಳು ವಾಪಸು ಬಂದೆ. ಬಂದವಳೇ ಕಾಫಿ ಲೋಟ ಹಿಡಿದು ದೊಡ್ಡವ್ವನ ಕೋಣೆಯ ಬಾಗಿಲು ತಳ್ಳಿದರೆ, ಕಾಲು ಹೊಸ್ತಿಲು ದಾಟುವ ಮೊದಲೇ ಮೂಗು ನನ್ನನ್ನು ತಡೆಯಿತು. ಒದ್ದೆ ಗೋಣಿ ಒಣಗದೆ ಮೂಲೆಯಲ್ಲಿ ಬಿದ್ದಿದ್ದರೆ ಬರುತ್ತದಲ್ಲ, ಹುಳಿ ಬೆರೆತು ಗಂಟಲಿಗೆ ಅಂಟಿಕೊಳ್ಳುವಂಥದ್ದು, ಆ ವಾಸನೆ. ಅದನ್ನು ಮೂಸಿ ಎಷ್ಟೋ ವರ್ಷಗಳಾಗಿದ್ದವು. ಆದರೂ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಗಲಿಲ್ಲ. ಅದು ರೇಷ್ಮೆಹುಳು ಸಾಕುವ ಹುಳುಮನೆ ಕೆಟ್ಟಾಗ ಬರುವ ವಾಸನೆ.

ದೊಡ್ಡವ್ವ ನನ್ನ ಅಮ್ಮನ ಅಕ್ಕ, ಬಂಡಳ್ಳಿಯವಳು. ಈ ಚಳಿಗಾಲದಲ್ಲಿ ಅವಳಿಗೆ ಒಣಕೆಮ್ಮು ಹತ್ತಿಕೊಂಡಿತು. ಮೂಗು ಒಣಗಿ, ಬೆಳಿಗ್ಗೆ ಸೀನಿದರೆ ರಕ್ತದ ಗೆರೆ ಕಾಣುತ್ತಿತ್ತು. ಆಸ್ಪತ್ರೆಗೆ ಹತ್ತಿರವಾಗಲಿ ಎಂದು ನಾನೇ ಕರೆದುಕೊಂಡು ಬಂದೆ. ಮಲಗಿದರೆ ಕೆಮ್ಮು ಹೆಚ್ಚುತ್ತದೆಂದು ಅವಳು ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುತ್ತಿದ್ದಳು. "ಇನ್ನೇನೂ ಬ್ಯಾಡ ಕಣ ಮಗ, ಒಂದ್ಸಲ ಕಾಲ್ ಚಾಚ್ಕಂಡು ಮಲಗ್ಬೇಕು" ಎನ್ನುವುದೊಂದೇ ಅವಳ ಬೇಡಿಕೆ. ಡಾಕ್ಟರು ಔಷಧಿ ಕೊಟ್ಟರು. ಜೊತೆಗೆ, ಕೋಣೆಯ ಗಾಳಿ ತೀರಾ ಒಣಗಿದೆ, ಹ್ಯುಮಿಡಿಫೈಯರ್ ಅಂತ ಒಂದು ಸಿಗುತ್ತೆ, ಇಟ್ಟು ನೋಡಿ ಎಂದರು. ಕೊಂಡು ತಂದೆ. ಕೊಡದ ಆಕಾರದ ಬಿಳಿ ಯಂತ್ರ. ಹೊಟ್ಟೆಗೆ ನೀರು ಹುಯ್ದು ಗುಂಡಿ ಒತ್ತಿದರೆ ನೆತ್ತಿಯಿಂದ ತಣ್ಣನೆಯ ಮಂಜು ಏಳುತ್ತದೆ. ಡಬ್ಬದೊಳಗಿದ್ದ ಸೂಚನೆಯ ಕಾಗದವನ್ನು, ಮಿಕ್ಸಿ ತಂದಾಗ ಮಾಡಿದಂತೆಯೇ, ಭಕ್ತಿಯಿಂದ ಡ್ರಾಯರಿಗೆ ಸೇರಿಸಿದೆ.

ದೊಡ್ಡವ್ವನಿಗೆ ಯಂತ್ರ ಕಂಡ ಕೂಡಲೇ ಅರ್ಥವಾಯಿತು. "ಓ, ಚಾಕಿ ಉಳುಗೆ ಗೋಣಿ ಕಟ್ಟಂಗೆ ಅನ್ನು" ಎಂದಳು. ಅಲ್ಲಿಗೆ ಕೋಣೆಯ ಅಧಿಕಾರ ಅವಳ ಕೈಗೆ ಹೋಯಿತು.

ರೇಷ್ಮೆ ಸಾಕದ ಊರಿನವರಿಗೆ ಇಷ್ಟು ಹೇಳಬೇಕು. ಮೊಟ್ಟೆ ಒಡೆದು ಬಂದ ಮರಿಹುಳುವಿಗೆ ನಾವು ಚಾಕಿ ಹುಳು ಎನ್ನುತ್ತೇವೆ. ಅದಕ್ಕೆ ಬೆಚ್ಚಗೂ ಇರಬೇಕು, ತೇವವೂ ಇರಬೇಕು. ಗಾಳಿ ಒಣಗಿದರೆ ಎಳೆ ಸೊಪ್ಪು ಬಾಡುತ್ತದೆ, ಬಾಡಿದ ಸೊಪ್ಪನ್ನು ಅದು ಮುಟ್ಟುವುದಿಲ್ಲ. ಅದಕ್ಕೇ ಹುಳುಮನೆಯ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟುತ್ತಾರೆ. ಬೇಸಿಗೆ ರಜೆಯಲ್ಲಿ ನಾನು ಬಂಡಳ್ಳಿಗೆ ಹೋದರೆ ಆ ಗೋಣಿಗಳಿಗೆ ನೀರು ಚಿಮುಕಿಸುವುದು ನನ್ನ ಪಾಲಿನ ಕೆಲಸ. ಚಿಮುಕಿಸುವ ನೆಪದಲ್ಲಿ ನಾನೂ ನೆನೆಯುತ್ತಿದ್ದೆ.

ಆದರೆ ಆ ಬಾಗಿಲನ್ನು ಸುಮ್ಮನೆ ದಾಟುವಂತಿರಲಿಲ್ಲ. ದೊಡ್ಡವ್ವ ಕೈಕಾಲು ತೊಳೆಸಿ, ಹೊಸ್ತಿಲ ಹೊರಗೆ ನನ್ನನ್ನು ನಿಲ್ಲಿಸಿ, ಬಾಗಿಲು ಒಂದಿಷ್ಟು ತೆಗೆದು ಕೇಳುತ್ತಿದ್ದಳು: "ಏನ್ ವಾಸ್ನೆ ಬತ್ತದ, ಯೋಳು." ಸೊಪ್ಪಿನ ವಾಸನೆ ಅಂದರೆ, "ಅಂಗಾರ ಬಾ ಒಳಕ್ಕ." ಬೇರೆ ಏನಾದರೂ ಅಂದರೆ ಅವಳ ಮುಖ ಬಿಗಿಯುತ್ತಿತ್ತು, ಆಮೇಲೆ ಮನೆಯಲ್ಲಿ ಯಾರಿಗೂ ಕೂರಲು ಬಿಡುವಿರುತ್ತಿರಲಿಲ್ಲ. ಒಳಗೇ ಕೆಲಸ ಮಾಡುವವರ ಮೂಗು ಸೋಮಾರಿಯಾಗುತ್ತದೆ, ಹೊರಗಿಂದ ಬಂದವರ ಮೂಗೇ ನಿಜ ಹೇಳುವುದು ಅಂತ ಅವಳ ನಂಬಿಕೆ. ಅಷ್ಟು ದೊಡ್ಡ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇದ್ದದ್ದು ಆ ಒಂದು ಹೊಸ್ತಿಲಲ್ಲಿ ಮಾತ್ರ. ನನ್ನ ಈಗಿನ ಜಂಬದ ಬೇರು ಅಲ್ಲಿದೆ.

ಒಂದು ರಜೆ ಮುಗಿಯುವ ಹೊತ್ತಿಗೆ ಮಳೆ ಬೇಗನೆ ಹಿಡಿದು ಬಿಡಲೇ ಇಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಹುಳು ಸುಣ್ಣಕಟ್ಟಿ ಸಾಯತೊಡಗಿದವು. ಅದು ಬೂಷ್ಟಿನ ರೋಗ, ಸತ್ತ ಹುಳು ಬೆಳ್ಳಗೆ ಸೀಮೆಸುಣ್ಣದ ತುಂಡಿನಂತೆ ಸೆಟೆದುಕೊಳ್ಳುತ್ತದೆ. ಅಂಥ ದಿನವೂ ದೊಡ್ಡಪ್ಪ ಅಭ್ಯಾಸಬಲದಿಂದ ಗೋಣಿಗೆ ನೀರು ಹಾಕಿಯೇ ಹಾಕಿದ್ದರು. ದೊಡ್ಡವ್ವ ಬಾಗಿಲು ತೆಗೆದು ಕೇಳಿದಾಗ ನಾನು ಗೋಣಿ ವಾಸನೆ ಅಂದೆ. ಅವಳು ಸೆರಗು ಸಿಕ್ಕಿಸಿ ಒಂದೊಂದೇ ಕಿಟಕಿಯ ಗೋಣಿ ಎಳೆದು ಅಂಗಳಕ್ಕೆ ಎಸೆದಳು. ದೊಡ್ಡಪ್ಪ ಹಿಂದೆಯೇ ಬಂದರು. "ಎಲ್ಲ ಒಣಗೋದ್ರ ಉಳ ಸೊಪ್ಪು ತಿನ್ನಲ್ಲ ಕಣಮ್ಮಿ" ಎಂದರು. ಅವಳು ತಿರುಗಿ ಕೂಡ ನೋಡದೆ, "ನೀರ್ ಕೊಡದು ಯಾರ್ಗಾರೂ ಬತ್ತದ. ಯಾವಾಗ ಕಿತ್ಕಬೇಕು ಅನ್ನದು ಗೊತ್ತಿರ್ಬೇಕು" ಎಂದಳು. ಹುಳುವಿನ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸಿ, ಗಾಳಿ ಆಡಲು ಬಿಟ್ಟಳು. ಆ ಬೆಳೆ ಉಳಿಯಿತು.

ಅಂಥವಳು ನನ್ನ ಮನೆಯಲ್ಲಿ ಏನು ಮಾಡಿದ್ದಳೆಂದರೆ, ಯಂತ್ರವನ್ನು ತಲೆದಿಂಬಿನ ಪಕ್ಕಕ್ಕೇ ಎಳೆಸಿಕೊಂಡು, ಕಿಟಕಿ ಮುಚ್ಚಿಸಿ, ಅದು ಸಾಲದೆಂದು ಕಿಟಕಿಗೆ ಒಂದು ಒದ್ದೆ ಗೋಣಿಯನ್ನೂ ಕಟ್ಟಿಸಿದ್ದಳು. ಮೊದಮೊದಲು ನಿಜಕ್ಕೂ ಹಿತವಾಯಿತು, ಮೂಗಿನ ರಕ್ತ ನಿಂತಿತು. ಆಮೇಲೆ ಕೆಮ್ಮು ತಿರುಗಿ ಬಂತು, ಈ ಸಲ ಎದೆಯೊಳಗಿಂದ. ಕೆಮ್ಮು ಹೆಚ್ಚಿದಷ್ಟೂ ಮಂಜು ಹೆಚ್ಚಿಸು ಎಂದಳು. ಹೆಚ್ಚಿಸಿದೆ. ನೀರು ಮುಗಿಯುವ ಮುನ್ನವೇ ಹಳೆಯ ನೀರಿನ ಮೇಲೆ ಬೋರ್‌ವೆಲ್ ನೀರು ಸುರಿಯುತ್ತಿದ್ದೆ. ನಾನು ಯಳಂದೂರಿಗೆ ಹೋದಾಗ ನೋಡಿಕೊಳ್ಳಲು ಬಂಡಳ್ಳಿಯಿಂದ ಬಂದಿದ್ದ ಅವಳ ಸೊಸೆಯೂ ಅತ್ತೆಯ ಅಪ್ಪಣೆಯಂತೆ ಅದನ್ನೇ ಮಾಡಿದ್ದಳು. ತೊಳೆಯಬೇಕೆಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನೀರಲ್ಲೇ ಇರುವುದನ್ನು ಇನ್ನೇನು ತೊಳೆಯುವುದು?

ಅವತ್ತು ಆ ಹೊಸ್ತಿಲಿನಿಂದಲೇ ಎಲ್ಲ ಕಾಣಿಸಿತು. ಕಿಟಕಿಯ ಗಾಜು ಬೆವರುತ್ತಿತ್ತು. ಗೋಡೆಯ ಮೂಲೆಯಲ್ಲಿ ಕಪ್ಪು ಚುಕ್ಕೆ ಎದ್ದಿತ್ತು. ಒಳಗೆ ಹೋಗಿ ಕರಿಯ ಟ್ರಂಕಿನ ಮೇಲೆ ಬೆರಳಾಡಿಸಿದರೆ ತುದಿಗೆ ಬಿಳಿ ಪುಡಿ ಹತ್ತಿತು, ಒಂದು ಕ್ಷಣ ಸುಣ್ಣಕಟ್ಟಿದ ಹುಳುವೇ ನೆನಪಾಯಿತು. ಅದು ರೋಗವಲ್ಲ, ಗಡಸು ನೀರಿನ ಸುಣ್ಣ ಮಂಜಿನೊಂದಿಗೆ ಹಾರಿ ಕೂತದ್ದು ಎಂದು ಆಮೇಲೆ ತಿಳಿಯಿತು. ಅದನ್ನೇ ಅಲ್ಲವೇ ಅವಳೂ ಉಸಿರಾಡುತ್ತಿದ್ದದ್ದು. ಪ್ಲಗ್ ಕಿತ್ತು ಯಂತ್ರದ ಹೊಟ್ಟೆಗೆ ಕೈ ಹಾಕಿದೆ. ಒಳಗೆಲ್ಲ ಪಾಚಿಗಟ್ಟಿದ ಕಲ್ಲಿನಂತೆ ಲೋಳೆ.

ಕಿಟಕಿಯ ಗೋಣಿಗೆ ಕೈ ಹಾಕಿದಾಗ ದೊಡ್ಡವ್ವ ಗುರಾಯಿಸಿದಳು. "ಅದ್ಯಾಕ್ ಕಿತ್ತಾಕ್ತಿದ್ದಯ್? ಗಾಳಿ ಒಣಗೋಯ್ತದ."

"ಕೋಣೆ ಗೋಣಿ ವಾಸನೆ ಹೊಡೀತಿದೆ ದೊಡ್ಡವ್ವ."

"ಎಲ್ಲಿ? ನಂಗೇನೂ ಬತ್ತಿಲ್ವಲ್ಲ."

ನಾನು ಯಂತ್ರದ ತೊಟ್ಟಿಯನ್ನೇ ಎತ್ತಿ ಅವಳ ಮೂಗಿನ ಹತ್ತಿರ ಹಿಡಿದೆ. ಮೂಸಿದಳು. ಕಣ್ಣು ಮುಚ್ಚಿ ಮತ್ತೊಮ್ಮೆ ಮೂಸಿದಳು. ಆಮೇಲೆ ನನ್ನ ಮುಖ ನೋಡಿ, ಮೆಲ್ಲಗೆ, "ಏನೂ ಬತ್ತಿಲ್ಲ ಕಣ ಮಗ" ಎಂದಳು.

ಪ್ರತಿ ಬೆಳೆಗೂ ಬ್ಲೀಚಿಂಗ್ ಪೌಡರಿನಲ್ಲಿ ಹುಳುಮನೆ ತೊಳೆದೂ ತೊಳೆದೂ ಹೋಯಿತೋ, ವಯಸ್ಸಿಗೆ ಹೋಯಿತೋ, ನನಗೆ ಮೂಸುವುದನ್ನು ಕಲಿಸಿದ ಮೂಗು ಯಾವಾಗಲೋ ಅವಳನ್ನು ಬಿಟ್ಟು ಹೋಗಿತ್ತು. ಅವಳಿಗೂ ಅದು ಆಗಲೇ ಗೊತ್ತಾದದ್ದು. ಸಮಾಧಾನದ ಮಾತು ಆಡಿದ್ದರೆ ಅವಳು ನನ್ನನ್ನು ಕ್ಷಮಿಸುತ್ತಿರಲಿಲ್ಲ. ಅದಕ್ಕೆ ಗೋಣಿಯನ್ನು ಎಳೆದು ಅಂಗಳಕ್ಕೆ ಎಸೆದೆ, ಕಿಟಕಿ ಪೂರ್ತಿ ತೆಗೆದೆ. "ಯಾವಾಗ ಕಿತ್ಕೋಬೇಕು ಅನ್ನೋದು ಗೊತ್ತಿರಬೇಕು ಅಂತ ದೊಡ್ಡಪ್ಪನಿಗೆ ಹೇಳಿದ್ದು ಯಾರು?" ಎಂದೆ.

ಅವಳು ನಕ್ಕುಬಿಟ್ಟಳು. ನಗು ಕೆಮ್ಮಾಯಿತು. "ಅಂಗಾರ ಬ್ಲೀಚಿಂಗ್ ಆಕಿ ಉಜ್ಜು" ಎಂದು ಮತ್ತೆ ಯಜಮಾನಿಕೆ ತೋರಿಸಿದಳು. ನಾನು ಬಗ್ಗಲಿಲ್ಲ. ಹುಳುಮನೆ ತೊಳೆದರೆ ಹುಳು ಬರುವ ಮೊದಲು ಬಾಗಿಲು ತೆಗೆದಿಟ್ಟು ಗಾಳಿಗೆ ಬಿಡಬಹುದು. ಈ ಯಂತ್ರದಲ್ಲಿ ಬ್ಲೀಚಿಂಗ್ ಒಂದಿಷ್ಟು ಉಳಿದರೂ ನೇರ ಅವಳ ಎದೆಗೇ ಹೋಗುತ್ತದೆ. ಡ್ರಾಯರಿನ ಕಾಗದವನ್ನು ಕೊನೆಗೂ ಓದಿದೆ, ಡಾಕ್ಟರಿಗೂ ಫೋನ್ ಮಾಡಿದೆ. ಬೈದರು, ಅವಳನ್ನು ಕರೆಸಿ ನೋಡಿ ಔಷಧಿ ಬದಲಾಯಿಸಿದರು, ಕೆಮ್ಮು ಇಳಿಯುವವರೆಗೆ ಯಂತ್ರ ಮುಟ್ಟಬೇಡಿ ಎಂದರು. ವಿನೆಗರ್ ಬೆರೆಸಿದ ನೀರು ತುಂಬಿ ನೆನೆಯಬಿಟ್ಟು, ಮೆತ್ತನೆಯ ಬ್ರಷ್ಷಿನಲ್ಲಿ ಸಂದಿಗೊಂದಿ ಉಜ್ಜಿ, ವಾಸನೆ ಹೋಗುವ ತನಕ ತೊಳೆದೆ. ಬಿಡಿಭಾಗಗಳೆಲ್ಲ ತಾರಸಿಯ ಮೇಲೆ ಬೋರಲು ಬಿದ್ದು ಒಣಗಿದವು.

ಈಗ ಯಂತ್ರ ತಿರುಗಿ ಕೋಣೆಗೆ ಬಂದಿದೆ, ಆದರೆ ದಿಂಬಿನಿಂದ ದೂರ, ಗೋಡೆಯಿಂದಲೂ ದೂರ, ಸ್ಟೂಲಿನ ಮೇಲೆ. ಕುಡಿಯುವ ಆರ್‌ಓ ಫಿಲ್ಟರ್ ನೀರನ್ನೇ ಅದಕ್ಕೂ ಹಾಕುತ್ತೇನೆ. ಉಳಿದ ನೀರನ್ನು ದಿನಾ ಬೆಳಿಗ್ಗೆ ಚೆಲ್ಲಿ ಒರೆಸುತ್ತೇನೆ, ಎರಡು ಮೂರು ದಿನಕ್ಕೊಮ್ಮೆ ವಿನೆಗರ್ ಸ್ನಾನ. ಕಿಟಕಿ ಒಂದಿಷ್ಟು ತೆರೆದೇ ಇರುತ್ತದೆ, ಗಾಜು ಬೆವರಿದರೆ ಮಂಜು ಬಂದ್. ನೀಲಗಿರಿ ಎಣ್ಣೆ ಎರಡು ಹನಿ ಬಿಡು ಎಂದ ಪಕ್ಕದ ಮನೆಯಾಕೆಗೆ, ಅದನ್ನು ನಿಮ್ಮ ಯಂತ್ರಕ್ಕೆ ಬಿಟ್ಟುಕೊಳ್ಳಿ ಎಂದಿದ್ದೇನೆ. ಅವರ ಮನೆಯಲ್ಲಿ ಯಂತ್ರವಿಲ್ಲ.

ಇವತ್ತು ಬೆಳಿಗ್ಗೆಯೂ ಕಾಫಿ ಹಿಡಿದು ಬಾಗಿಲು ತಳ್ಳಿ ಹೊಸ್ತಿಲ ಹೊರಗೇ ನಿಂತೆ. ಗೋಡೆಗೆ ಒರಗಿಸಿದ ದಿಂಬು ಮಂಚದ ಕೆಳಗೆ ಬಿದ್ದಿತ್ತು. ದೊಡ್ಡವ್ವ ಕಾಲು ಚಾಚಿ ಮಲಗಿದ್ದಳು. ಎಚ್ಚರವಿತ್ತು, ಕಣ್ಣು ಮಾತ್ರ ಮುಚ್ಚಿಕೊಂಡಿದ್ದಳು.

"ಏನ್ ವಾಸ್ನೆ ಬತ್ತದ, ಯೋಳು" ಎಂದಳು.

ನಾನು ನಿಧಾನವಾಗಿ, ಪೂರ್ತಿಯಾಗಿ ಮೂಸಿದೆ. "ಕಾಫಿ ವಾಸನೆ ದೊಡ್ಡವ್ವ. ಬೇರೇನೂ ಇಲ್ಲ."

"ಅಂಗಾರ ಬಾ ಒಳಕ್ಕ."